ಕಣ್ಣು, ಕಿವಿ, ಹಲ್ಲು: ವಿಮೆಯ ಕಾರ್ಡಿನಲ್ಲಿ ಇರುವುದೆಷ್ಟು, ಇಲ್ಲದ್ದೆಷ್ಟು?

(ಓಮಲೂರು ವಲಯದ ಬೆಳೆಗಾರ ಸದಸ್ಯರ ಸಭೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ನಾನು ಎದ್ದು ನಿಂತರೆ ಕೂಳೆ ಬೆಳೆ, ಸುಳಿಕೊರಕ, ಕೆಂಪು ಕೊಳೆ ರೋಗ ಇವುಗಳ ಮಾತು ಬರುತ್ತದೆಂದು ತಾವು ನಿರೀಕ್ಷಿಸುವುದು ಸಹಜ. ಇಂದು ಆ ಮಾತು ಬೇಡ. ನಾಟಿ ನೋಂದಣಿಗೆಂದು ಹಳ್ಳಿಗಳನ್ನು ಸುತ್ತುವಾಗ, ಕಬ್ಬಿನ ವಿಚಾರವೆಲ್ಲ ಮುಗಿದ ಮೇಲೆ, ಮನೆಯ ಮಕ್ಕಳು ನನ್ನನ್ನು ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆ ಈಚೆಗೆ ಬಹುಮಟ್ಟಿಗೆ ಒಂದೇ ಆಗಿದೆ. "ಸಾರ್, ಅಪ್ಪನ ಹತ್ತಿರ ವಿಮೆ ಕಾರ್ಡ್ ಇದೆಯಲ್ಲ, ಅದರಲ್ಲಿ ಹಲ್ಲು ಕಟ್ಟಿಸಬಹುದೇ? ಕಿವಿಗೆ ಮಷೀನು ಕೊಡುತ್ತಾರೆಯೇ?" ನಾನು ವೈದ್ಯನಲ್ಲ, ಕೃಷಿ ಓದಿದವನು. ಆದರೆ ಸರ್ಕಾರದ ಕಾಗದಗಳನ್ನು ಓದುವುದೂ ಕಚೇರಿಗಳ ಬಾಗಿಲಲ್ಲಿ ನಿಂತು ವಿಚಾರಿಸುವುದೂ ನನ್ನ ಉದ್ಯೋಗದ ಭಾಗವೇ. ಹಾಗೆ ತಿಳಿದುಕೊಂಡದ್ದನ್ನು ತಮ್ಮ ಮುಂದೆ ಇಡುತ್ತೇನೆ.

ಇದು ಕಾರ್ಖಾನೆಗೆ ಸಂಬಂಧಪಡದ ವಿಚಾರವೆಂದು ಯಾರೂ ತಿಳಿಯಬಾರದು. ನಮ್ಮ ಷೇರುದಾರರಲ್ಲಿ ಅರವತ್ತು ದಾಟಿದವರು ಬಹಳ. ಮಗ ಸೇಲಂನಲ್ಲೋ ಹೊಸೂರಿನಲ್ಲೋ ಕೆಲಸಕ್ಕೆ ಹೋಗುತ್ತಾನೆ, ತೋಟ ಅಪ್ಪನ ಕೈಯಲ್ಲೇ ಉಳಿಯುತ್ತದೆ. ತೂಕದ ಚೀಟಿಯನ್ನು ಓದಬೇಕಾದವರು ಅವರು, ಔಷಧಿಯ ಡಬ್ಬದ ಮೇಲಿನ ಸಣ್ಣ ಅಕ್ಷರಗಳನ್ನು ನೋಡಿ ಅಳತೆ ಹಾಕಬೇಕಾದವರೂ ಅವರೇ. ಕಬ್ಬು ಹೇರಿದ ಟ್ರ್ಯಾಕ್ಟರ್ ಹಿಂದಕ್ಕೆ ಬರುವಾಗ ಡ್ರೈವರ್ ಕೂಗಿದ್ದು ಕೇಳಿಸದಿದ್ದರೆ ಏನಾಗುತ್ತದೆಂದು ನಾನು ವಿವರಿಸಬೇಕಾಗಿಲ್ಲ. ಇನ್ನೊಂದು ನಷ್ಟ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಕಿವಿ ಮಂದವಾದ ಯಜಮಾನರಿಗೆ ಮನೆಯ ಮಾತುಕತೆಯಲ್ಲಿ ಮೊದಲು ಎರಡು ಸಾರಿ ಹೇಳುತ್ತಾರೆ, ಆಮೇಲೆ "ಏನೂ ಇಲ್ಲ ಬಿಡಿ" ಎನ್ನುತ್ತಾರೆ, ಕಡೆಗೆ ಕೇಳದೆಯೇ ಜಮೀನಿನ ವ್ಯವಹಾರ ತೀರ್ಮಾನವಾಗುತ್ತದೆ. ಸಂಘದ ಸಾಮಾನ್ಯ ಸಭೆಗೂ ಅಂಥವರು ಬರುವುದನ್ನು ನಿಲ್ಲಿಸುತ್ತಾರೆ. ಮತ ಅವರದು, ಕೈ ಎತ್ತುವವರು ಬೇರೆ.

ಈಗ ವಿಮೆಯ ಮಾತು. ವಿಮೆಯ ತತ್ವವನ್ನು ನಮ್ಮ ಬೆಳೆ ವಿಮೆಯಿಂದಲೇ ಅರ್ಥ ಮಾಡಿಕೊಳ್ಳಬಹುದು. ಬರ ಬಂದರೆ, ನೆರೆ ಬಂದರೆ ಬೆಳೆ ವಿಮೆ ಪರಿಹಾರ ಕೊಡುತ್ತದೆ. ಕಳೆ ತೆಗೆಸುವ ಕೂಲಿಯನ್ನೋ ರವದಿ ಸುಲಿಸುವ ಖರ್ಚನ್ನೋ ಅದು ಕೊಡುವುದಿಲ್ಲ. ಏಕೆಂದರೆ ನೆರೆ ಬರಬಹುದು, ಬಾರದೆಯೂ ಇರಬಹುದು. ಕಳೆ ಮಾತ್ರ ಬಂದೇ ಬರುತ್ತದೆ, ಎಲ್ಲರ ಹೊಲದಲ್ಲೂ ಬರುತ್ತದೆ. ಆರೋಗ್ಯ ವಿಮೆ ಮಾಡುವವರೂ ಹೀಗೆಯೇ ಯೋಚಿಸುತ್ತಾರೆ. ಹೃದಯದ ಆಪರೇಷನ್ ಎಲ್ಲರಿಗೂ ಬೇಕಾಗುವುದಿಲ್ಲ, ಆದ್ದರಿಂದ ಅದಕ್ಕೆ ವಿಮೆ ಉಂಟು. ನಲವತ್ತು ದಾಟಿದವರಿಗೆ ಚಾಳೀಸು ಬರುವುದು, ಮುದಿವಯಸ್ಸಿನಲ್ಲಿ ಹಲ್ಲು ಬೀಳುವುದು, ಕಿವಿ ಮಂದವಾಗುವುದು ಹೆಚ್ಚು ಕಡಿಮೆ ಎಲ್ಲರಿಗೂ ಆಗುವಂಥದ್ದು; ಆದ್ದರಿಂದ ಅದು ನಿಮ್ಮ ಖರ್ಚು. ಲೆಕ್ಕದ ದೃಷ್ಟಿಯಿಂದ ಇದು ಸರಿಯಿರಬಹುದು. ಮುದುಕರ ದೃಷ್ಟಿಯಿಂದ ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಇದು ನಮ್ಮ ದೇಶದ ಕೊರತೆ ಮಾತ್ರವೂ ಅಲ್ಲ. ಅಮೆರಿಕದಲ್ಲಿ 65 ವರ್ಷ ದಾಟಿದವರಿಗಾಗಿ 1965ರಲ್ಲಿ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಬಂತು. ಅಷ್ಟು ದೊಡ್ಡ ಶ್ರೀಮಂತ ರಾಷ್ಟ್ರದ ಆ ಮೂಲ ವಿಮೆಯಲ್ಲಿ ಇಂದಿಗೂ ಸಾಮಾನ್ಯ ಹಲ್ಲಿನ ಚಿಕಿತ್ಸೆ ಇಲ್ಲ, ಓದುವ ಕನ್ನಡಕ ಇಲ್ಲ, ಕಿವಿಯ ಯಂತ್ರ ಇಲ್ಲ. 2021ರಲ್ಲಿ ಇವನ್ನು ಸೇರಿಸುವ ಪ್ರಯತ್ನ ನಡೆದು ಕೈಗೂಡಲಿಲ್ಲ. ಬೇಕಾದವರು ಬೇರೆ ಕಂತು ಕಟ್ಟಿ ಖಾಸಗಿ ವಿಮೆ ಮಾಡಿಸಿಕೊಳ್ಳುತ್ತಾರೆ. ಬ್ರಿಟನ್ನಿನವರು ಇದಕ್ಕೆ ವಿರುದ್ಧವಾದ ದಾರಿ ಹಿಡಿದರು. 1948ರ ಜುಲೈ 5ರಂದು ಅವರ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಕಟ್ಟಿದ ಹಲ್ಲು, ಕನ್ನಡಕ, ಕಿವಿಯ ಯಂತ್ರ ಎಲ್ಲವೂ ಉಚಿತವಾಗಿದ್ದವು. ಅಂದಾಜನ್ನು ಮೀರಿ ಜನ ಬಂದರು. ಅಷ್ಟು ಕಾಲ ಮಂದ ಕಣ್ಣಿನಿಂದ, ಬೋಳು ಬಾಯಿಯಿಂದ ಬದುಕು ಸಾಗಿಸಿದ್ದವರು ಅವರೆಲ್ಲ. ಖರ್ಚು ತಡೆಯಲಾರದೆ ಸರ್ಕಾರ 1951ರಲ್ಲಿ ಹಲ್ಲಿಗೂ ಕನ್ನಡಕಕ್ಕೂ ಶುಲ್ಕ ಹಾಕಿತು. ಆ ಸೇವೆಯನ್ನು ಕಟ್ಟಿದ ಮಂತ್ರಿ ಅನ್ಯೂರಿನ್ ಬೆವನ್ ಅದನ್ನು ಒಪ್ಪದೆ ರಾಜೀನಾಮೆ ಕೊಟ್ಟರು. ಒಂದು ಜೊತೆ ಕನ್ನಡಕದ ವಿಷಯ ಮಂತ್ರಿಪದವಿಯನ್ನೇ ಬಿಡಿಸುವಷ್ಟು ದೊಡ್ಡದಾಗಬಲ್ಲುದು ಎಂಬುದಕ್ಕಾಗಿ ಈ ಸಂಗತಿಯನ್ನು ಹೇಳಿದೆ. ಕಿವಿಯ ಯಂತ್ರ ಮಾತ್ರ ಅಲ್ಲಿ ಇಂದಿಗೂ ಉಚಿತವೇ.

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ತಾವು ಕಾಪ್ಪೀಟ್ಟು ತಿಟ್ಟಂ ಎಂದು ಕರೆಯುವುದು ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆಯನ್ನು. 2009ರಲ್ಲಿ ಬೇರೆ ಹೆಸರಿನಿಂದ ಪ್ರಾರಂಭವಾಗಿ, 2012ರಲ್ಲಿ ಈ ಹೆಸರು ಪಡೆದು, 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯೊಡನೆ ಸೇರಿಕೊಂಡಿತು. ಕುಟುಂಬದ ವರ್ಷದ ಆದಾಯ 1,20,000 ರೂಪಾಯಿ ಮೀರದಿದ್ದರೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ಚಿಕಿತ್ಸೆ ಉಂಟು. ಇದಲ್ಲದೆ 70 ವರ್ಷ ತುಂಬಿದವರಿಗೆ ಆದಾಯವನ್ನೇ ನೋಡದೆ 5 ಲಕ್ಷದವರೆಗಿನ ರಕ್ಷಣೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಪ್ರಾರಂಭಿಸಿತು. ಅದರ ಕಾರ್ಡಿಗೆ ವಯ ವಂದನ ಎಂದು ಹೆಸರು. ಆದಾಯದ ಮಿತಿ ಮೀರಿದ ದೊಡ್ಡ ಬೆಳೆಗಾರರು ತಮ್ಮ ತಂದೆತಾಯಿಗಳ ವಿಷಯದಲ್ಲಿ ಇದನ್ನು ಗಮನಿಸಬೇಕು. ನೋಂದಣಿಯ ವಿಚಾರವನ್ನು ಕಲೆಕ್ಟರ್ ಕಚೇರಿಯ ವಿಮಾ ಕೌಂಟರಿನಲ್ಲಿಯೇ ಕೇಳಿ, ಮಧ್ಯವರ್ತಿಗಳಿಗೆ ದುಡ್ಡು ಕೊಡಬೇಡಿ. ರೇಷನ್ ಕಾರ್ಡು, ಆಧಾರ್, ರಾಜ್ಯದ ಯೋಜನೆಗಾದರೆ ಆದಾಯದ ಪ್ರಮಾಣಪತ್ರ, ಇಷ್ಟು ಕೈಯಲ್ಲಿರಲಿ.

ಈ ಕಾರ್ಡುಗಳ ಒಂದು ನಿಯಮವನ್ನು ಮರೆಯಬಾರದು. ಇವು ಆಸ್ಪತ್ರೆಯಲ್ಲಿ ದಾಖಲಾಗಿ ಮಾಡಿಸಿಕೊಳ್ಳುವ ಚಿಕಿತ್ಸೆಗೆ. ಬಂದು ತೋರಿಸಿಕೊಂಡು ಹೋಗುವ ಹೊರರೋಗಿಯ ಖರ್ಚು ಇದರಲ್ಲಿಲ್ಲ. ಹುಳುಕು ಹಲ್ಲಿಗೆ ಸಿಮೆಂಟು ತುಂಬಿಸುವುದು, ಬೇರಿನ ಚಿಕಿತ್ಸೆ, ಸವೆದ ಹಲ್ಲು ಸರಿಪಡಿಸುವುದು ಇವು ಆಯುಷ್ಮಾನ್ ಭಾರತ್ ನಿಯಮಗಳಲ್ಲಿ ಸ್ಪಷ್ಟವಾಗಿ ಹೊರಗಿಟ್ಟ ಬಾಬುಗಳು. ನಮ್ಮ ವಲಯದ ಒಬ್ಬ ಹಿರಿಯರು ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿಕೊಂಡು, ಎರಡು ಬಸ್ಸು ಬದಲಾಯಿಸಿ ಒಂದು ಆಸ್ಪತ್ರೆಗೆ ಹೋಗಿ, ಹಲ್ಲಿನ ಸೆಟ್ಟು ಇದರಲ್ಲಿ ಬರುವುದಿಲ್ಲವೆಂದು ಕೇಳಿಕೊಂಡು ಹಿಂತಿರುಗಿದರು. ಆ ಕಾರ್ಡು ದಂಡವೆಂದು ಅವರು ಅದನ್ನು ಪೆಟ್ಟಿಗೆಗೆ ಹಾಕಿಬಿಟ್ಟಿದ್ದಾರೆ. ಅದು ಸರಿಯಲ್ಲ. ಬಾಯಿಯ ಹುಣ್ಣು ಕ್ಯಾನ್ಸರ್ ಎಂದು ತಿಳಿದುಬಂದರೆ, ಬಿದ್ದು ದವಡೆ ಮುರಿದರೆ ಅದೇ ಕಾರ್ಡು ಕೆಲಸಕ್ಕೆ ಬರುತ್ತದೆ. ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಹಾಕುವವರು ಎರಡು ವಾರವಾದರೂ ಮಾಯದ ಹುಣ್ಣನ್ನೋ ಬಿಳಿ ಮಚ್ಚೆಯನ್ನೋ ತೋರಿಸಿಕೊಳ್ಳದೆ ಇರಬಾರದು.

ಕಣ್ಣಿನ ವಿಷಯದಲ್ಲಿ ನಾವು ಪುಣ್ಯವಂತರು. ಕುರುಡುತನ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿ ಆರಂಭವಾಯಿತು. ಅದೇ ವರ್ಷ ಮದುರೆಯಲ್ಲಿ ಡಾ. ಜಿ. ವೆಂಕಟಸ್ವಾಮಿಯವರು, ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ, 11 ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆಯನ್ನು ತೆರೆದರು. ಕೊಡಬಲ್ಲವರಿಂದ ಹಣ ಪಡೆದು ಬಡವರಿಗೆ ಉಚಿತವಾಗಿ ಮಾಡುವುದು ಅವರ ಪದ್ಧತಿ. ಕಣ್ಣೊಳಗೆ ಇಡುವ ಮಸೂರ ಪರದೇಶದಿಂದ ಬರಬೇಕಾಗಿದ್ದ ಕಾಲದಲ್ಲಿ ಅದು ಬಡವರ ಕೈಗೆಟುಕುತ್ತಿರಲಿಲ್ಲ. 1992ರಲ್ಲಿ ಅವರದೇ ಅರೋಲ್ಯಾಬ್ ಎಂಬ ಕಾರ್ಖಾನೆ ಅದನ್ನು ಇಲ್ಲಿಯೇ ತಯಾರಿಸತೊಡಗಿ ಬೆಲೆ ಬಹಳವಾಗಿ ಇಳಿಯಿತು. ಇಂದು ಸೇಲಂನಲ್ಲೂ ಆ ಆಸ್ಪತ್ರೆಯ ಶಾಖೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಮಸೂರ ಸಹಿತ ಉಚಿತ. ಸೇಲಂನ ಮೋಹನ್ ಕುಮಾರಮಂಗಲಂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾಗಲಿ, ಧರ್ಮಪುರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾಗಲಿ ನಮಗೆ ದೂರವಲ್ಲ. ಆಯುಷ್ಮಾನ್ ಭಾರತ್ ಪಟ್ಟಿಯಲ್ಲೂ ಪೊರೆಯ ಶಸ್ತ್ರಚಿಕಿತ್ಸೆ ಇದೆ.

ಹೀಗಿದ್ದೂ ಪೊರೆ ಬಂದ ಕಣ್ಣಿನವರು ನಮ್ಮ ಹಳ್ಳಿಗಳಲ್ಲಿ ಏಕೆ ಉಳಿದಿದ್ದಾರೆ? ಪೊರೆ ಹಣ್ಣಾಗಲಿ, ಆಮೇಲೆ ತೆಗೆಸೋಣ ಎಂಬ ಹಳೆಯ ನಂಬಿಕೆ ಒಂದು. ಕಬ್ಬು ಬಲಿಯುವವರೆಗೆ ಕಾಯಬೇಕು, ಸರಿ, ಪೊರೆಗೆ ಕಾಯಬೇಕಾಗಿಲ್ಲ. ಹಿಂದಿನ ಶಸ್ತ್ರಚಿಕಿತ್ಸೆಯ ಕಾಲದ ಮಾತು ಅದು. ಅತಿಯಾಗಿ ಬಲಿತ ಪೊರೆಯನ್ನು ತೆಗೆಯುವುದೇ ಈಗ ಕಷ್ಟ. ಕಟಾವಿನ ಹಂಗಾಮು ಮುಗಿಯಲಿ ಎಂಬುದು ಇನ್ನೊಂದು ನೆಪ. ಆಪರೇಷನ್ ಆದವರು ಕೆಲವು ವಾರ ಧೂಳಿಗೆ, ಹೊಗೆಗೆ ಹೋಗಬಾರದು, ಕಣ್ಣಿಗೆ ಕೊಳೆ ನೀರು ತಾಗಿಸಬಾರದು. ಆದ್ದರಿಂದ ನಿಮ್ಮ ಕಟಾವು ಯಾವಾಗ ಬರುತ್ತದೆಂದು ನಮ್ಮ ಕ್ಷೇತ್ರ ಸಹಾಯಕರನ್ನು ಕೇಳಿ ಅದಕ್ಕೆ ತಕ್ಕಂತೆ ದಿನ ಗೊತ್ತು ಮಾಡಿಕೊಳ್ಳಿ. ಆದರೆ ಸಕ್ಕರೆ ಕಾಯಿಲೆ ಇರುವವರೂ, ಗ್ಲಾಕೋಮಾ ಎಂಬ ಕಣ್ಣಿನ ಒತ್ತಡದ ರೋಗ ಮನೆತನದಲ್ಲಿ ಇರುವವರೂ ಹಂಗಾಮು ನೋಡುತ್ತ ಕೂರಬಾರದು. ಪೊರೆಯಿಂದ ಹೋದ ದೃಷ್ಟಿಯನ್ನು ಮರಳಿ ತರಬಹುದು, ಗ್ಲಾಕೋಮಾದಿಂದ ಹೋದದ್ದನ್ನು ತರಲಾಗುವುದಿಲ್ಲ. 2021ರ ಆಗಸ್ಟಿನಲ್ಲಿ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭವಾದ ಮನೆ ಬಾಗಿಲ ವೈದ್ಯ ಯೋಜನೆಯವರು ಸಕ್ಕರೆ ಕಾಯಿಲೆಯ ಮಾತ್ರೆ ಕೊಡಲು ಮನೆಗೆ ಬರುತ್ತಾರಲ್ಲ, ಅವರೊಡನೆ ಕಣ್ಣಿನ ಮಾತನ್ನೂ ಆಡಿರಿ.

ಓದುವ ಕನ್ನಡಕ ಮಾತ್ರ ಯಾವ ವಿಮೆಯ ಕಾರ್ಡಿನಲ್ಲೂ ಬರುವುದಿಲ್ಲ. ಕುರುಡುತನ ನಿಯಂತ್ರಣ ಕಾರ್ಯಕ್ರಮದಲ್ಲಿ ಬಡ ವೃದ್ಧರಿಗೆ ಹತ್ತಿರದ ದೃಷ್ಟಿಯ ಕನ್ನಡಕ ಉಚಿತವಾಗಿ ಕೊಡುವ ಏರ್ಪಾಡಿದೆ. ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಕೇಳಿ. ಕೊಂಡುಕೊಳ್ಳುವುದಾದರೂ ದೊಡ್ಡ ಖರ್ಚಲ್ಲ. ಸಂತೆಯ ಕನ್ನಡಕ ಮಾತ್ರ ಬೇಡ ಎನ್ನುತ್ತೇನೆ. ಅದರಿಂದ ಕಣ್ಣು ಕೆಡುತ್ತದೆಂದಲ್ಲ. ಕಣ್ಣು ಪರೀಕ್ಷೆ ಮಾಡಿಸುವ ಒಂದು ಸಂದರ್ಭ ತಪ್ಪಿಹೋಗುತ್ತದೆ.

ಕಿವಿಯದೇ ನಿಜವಾದ ಕಷ್ಟ. ಕಣ್ಣು ಕಾಣದವರನ್ನು ಕಂಡರೆ ಜನ ಕೈ ಹಿಡಿಯುತ್ತಾರೆ, ಕಿವಿ ಕೇಳದವರನ್ನು ಕಂಡರೆ ನಗುತ್ತಾರೆ. ಆದ್ದರಿಂದ ಅವರು ಹೇಳಿಕೊಳ್ಳುವುದಿಲ್ಲ, ಮನೆಯವರು ವಯಸ್ಸಾಯಿತು ಎಂದು ಬಿಟ್ಟುಬಿಡುತ್ತಾರೆ. ನಡುವಯಸ್ಸಿನಲ್ಲಿ ಆರಂಭವಾದ ಕಿವುಡುತನ ಮುಂದೆ ಮರೆವಿನ ಕಾಯಿಲೆಗೆ ದಾರಿಮಾಡುವ ಮುಖ್ಯ ಕಾರಣಗಳಲ್ಲಿ ಒಂದೆಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2017ರಲ್ಲಿ ಹೇಳಿತು, 2020ರಲ್ಲೂ 2024ರಲ್ಲೂ ಅದನ್ನೇ ಮತ್ತೆ ಹೇಳಿತು.

ಮೊದಲು ಮಾಡಬೇಕಾದದ್ದು ಸುಲಭ. ಕೆಲವರಿಗೆ ಗುಗ್ಗೆ ಗಟ್ಟಿಯಾಗಿ ಕಿವಿ ಮುಚ್ಚಿರುತ್ತದೆ, ಅದನ್ನು ವೈದ್ಯರು ತೆಗೆದರೆ ಅಲ್ಲಿಗೆ ಮುಗಿಯಿತು. ಕಡ್ಡಿ, ಹೇರ್‌ಪಿನ್ನು, ಕಾಯಿಸಿದ ಎಣ್ಣೆ ಇವುಗಳಿಂದ ನೀವೇ ತೆಗೆಯಲು ಹೋಗಬೇಡಿ. ಅದಲ್ಲವಾದರೆ ಕಿವಿಯ ಪರೀಕ್ಷೆ ಮಾಡಿಸಬೇಕು. ಪರೀಕ್ಷೆ ಇಲ್ಲದೆ ಪೇಟೆಯಲ್ಲಿ ಮಷೀನು ಕೊಂಡು, ಗಲಾಟೆ ಕೇಳಿಸುತ್ತದೆ ಮಾತು ಕೇಳಿಸುವುದಿಲ್ಲ ಎಂದು ಗೂಟಕ್ಕೆ ನೇತುಹಾಕಿದ ಮನೆಗಳನ್ನು ನಾನು ಬಲ್ಲೆ. ಎಲ್ಲ ಶಬ್ದವನ್ನೂ ಒಂದೇ ಸಮನೆ ಹೆಚ್ಚಿಸುವುದು ಒಂದು, ಆ ಮನುಷ್ಯನಿಗೆ ಯಾವ ಸ್ವರ ಕೇಳುವುದಿಲ್ಲವೋ ಅದನ್ನು ಮಾತ್ರ ಹೆಚ್ಚಿಸುವುದು ಇನ್ನೊಂದು. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಸುರಿಯಬೇಡಿ ಎಂದು ನಾನು ಹೇಳುತ್ತ ಬಂದಿಲ್ಲವೇ, ಇದೂ ಹಾಗೆಯೇ.

ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು ಎಂಬುದು ನಮ್ಮ ಬಾಳು. ಕಿವಿಯ ಪರೀಕ್ಷೆಯಲ್ಲಿ ಬರಿಯ ಶಬ್ದವಲ್ಲದೆ ಮಾತುಗಳನ್ನೂ ಕೇಳಿಸಿ ತಿರುಗಿ ಹೇಳಿಸುತ್ತಾರೆ. ಅದು ತನ್ನ ತಾಯಿನುಡಿಯಲ್ಲಿ ಆದರೇ ಫಲಿತಾಂಶ ಸರಿ. ಮನೆಯೊಳಗೇ ಇದ್ದು ತಮಿಳು ಅಷ್ಟಾಗಿ ಬಾರದ ಅಜ್ಜಿಯಂದಿರಿಗೆ ಇದು ಮುಖ್ಯ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕೇಂದ್ರ ಸರ್ಕಾರದ್ದು. ಅಲ್ಲಿ ಕನ್ನಡದಲ್ಲೇ ಪರೀಕ್ಷೆ, ಕನ್ನಡದಲ್ಲೇ ತಿಳಿವಳಿಕೆ. ಮೆಟ್ಟೂರಿನ ಮೇಲೆ ಮಾದಪ್ಪನ ಬೆಟ್ಟಕ್ಕೆ ಹೋಗುವ ಕುಟುಂಬಗಳು ನಮ್ಮಲ್ಲಿ ಬಹಳ ಇವೆಯಷ್ಟೆ. ಅಲ್ಲಿಂದ ಕೊಳ್ಳೇಗಾಲದ ಹಾದಿಯಲ್ಲಿ ಮೈಸೂರು ತಲುಪಬಹುದು. ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಹೊರಡಿ.

ಯಂತ್ರದ ಖರ್ಚು? ಕೆಲವು ಸಾವಿರದಿಂದ ಲಕ್ಷದವರೆಗೂ ಉಂಟು, ವಿಮೆಯ ಕಾರ್ಡು ವೃದ್ಧರ ಯಂತ್ರಕ್ಕೆ ಕೊಡುವುದಿಲ್ಲ. ಚಿಕ್ಕ ಮಕ್ಕಳ ಕಿವುಡುತನಕ್ಕೆ ಕಾಕ್ಲಿಯರ್ ಶಸ್ತ್ರಚಿಕಿತ್ಸೆ ನಮ್ಮ ರಾಜ್ಯದ ಯೋಜನೆಯಲ್ಲಿದೆ. ಮೊಮ್ಮಕ್ಕಳಲ್ಲಿ ಅಂಥವರಿದ್ದರೆ ತಡಮಾಡಬೇಡಿ. ವಿಕಲಚೇತನರ ಸವಲತ್ತಿನಲ್ಲಿ ಯಂತ್ರ ಪಡೆಯೋಣವೆಂದರೆ, 2016ರ ಕಾನೂನಿನ ಪ್ರಕಾರ ಎರಡೂ ಕಿವಿಗಳಲ್ಲಿ ಕಡೇಪಕ್ಷ 60 ಡೆಸಿಬೆಲ್ ನಷ್ಟವಾಗಿರಬೇಕು. ವಯಸ್ಸಿನಿಂದ ಬರುವ ಕಿವುಡುತನ ಬಹಳ ಜನರಲ್ಲಿ ಅಷ್ಟು ಮುಟ್ಟುವುದಿಲ್ಲ. ಮಾತು ಕೇಳಿಸದಷ್ಟು ಕಿವುಡು, ಆದರೆ ಸರ್ಟಿಫಿಕೇಟು ಸಿಗದಷ್ಟು ಕೇಳುವಿಕೆ: ಇಂಥ ಮಧ್ಯದ ಸ್ಥಿತಿ.

ಅವರಿಗಾಗಿಯೇ ಇರುವ ಒಂದು ಯೋಜನೆ ನಮ್ಮ ಸದಸ್ಯರಲ್ಲಿ ಹೆಚ್ಚು ಮಂದಿಗೆ ಗೊತ್ತಿಲ್ಲ. 2017ರಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ಪ್ರಾರಂಭಿಸಿದ ರಾಷ್ಟ್ರೀಯ ವಯೋಶ್ರೀ ಯೋಜನೆ ಅದು. ವಿಮೆಯವರು ಯಾವುದನ್ನು ಕೊಡುವುದಿಲ್ಲವೋ ಅದನ್ನೇ ಇದು ಕೊಡುತ್ತದೆ: ಕನ್ನಡಕ, ಕಟ್ಟಿದ ಹಲ್ಲು, ಕಿವಿಯ ಯಂತ್ರ. ಊರುಗೋಲು, ವಾಕರ್, ಗಾಲಿಕುರ್ಚಿಗಳೂ ಇವೆ. 60 ವರ್ಷ ತುಂಬಿ, ಬಡತನ ರೇಖೆಯ ಕೆಳಗಿರುವವರಿಗೆ ಅಥವಾ ತಿಂಗಳ ಆದಾಯ 15,000 ರೂಪಾಯಿ ಮೀರದವರಿಗೆ ಎಲ್ಲವೂ ಉಚಿತ. ಕಾನ್ಪುರದ ಸರ್ಕಾರಿ ಸಂಸ್ಥೆ ಅಲಿಂಕೋ ಇದನ್ನು ನಡೆಸುತ್ತದೆ, ಒಂದು ವರ್ಷ ರಿಪೇರಿಯೂ ಅವರದೇ. ಮೊದಲು ತಪಾಸಣೆಯ ಶಿಬಿರ, ಆಮೇಲೆ ಹಂಚುವ ಶಿಬಿರ ಎಂಬುದು ಕ್ರಮ. ತೊಂದರೆಯೆಂದರೆ ಶಿಬಿರ ಜಿಲ್ಲೆಗೆ ಬಂದಾಗಲೇ ಸಿಗಬೇಕು. ಬಂದು ಹೋದ ಮೇಲೆ ತಿಳಿದರೆ ಪ್ರಯೋಜನವಿಲ್ಲ. ಒಬ್ಬೊಬ್ಬರೇ ಕಚೇರಿಗೆ ಅಲೆಯುವುದಕ್ಕಿಂತ, ಹಳ್ಳಿವಾರು ಹೆಸರುಗಳ ಪಟ್ಟಿ ಮಾಡಿ ಸಂಘದ ಮೂಲಕ ಕಲೆಕ್ಟರ್ ಕಚೇರಿಗೆ ಮನವಿ ಕೊಟ್ಟರೆ ಅದಕ್ಕೆ ತೂಕ ಬರುತ್ತದೆ. ಪಟ್ಟಿಯಲ್ಲಿ ಹೆಂಗಸರ ಹೆಸರು ಇರಲೇಬೇಕು. ಷೇರು ಗಂಡಸರ ಹೆಸರಿನಲ್ಲಿದೆ ಎಂದು ಕಿವಿಯೂ ಅವರದೊಂದೇ ಅಲ್ಲ.

ಹಲ್ಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಲ್ಲಿಲ್ಲದವರು ರಾಗಿ ಹಿಟ್ಟು ನುಂಗುತ್ತಾರೆ, ಬೇಯಿಸಿದ ಅನ್ನ ತಿನ್ನುತ್ತಾರೆ. ಬಿಟ್ಟುಹೋಗುವುದು ಕಾಳು, ಸೊಪ್ಪು, ಕಡಲೆಕಾಯಿ, ಮಾಂಸ, ಅಂದರೆ ಮೈಗೆ ಬಲ ಕೊಡುವ ಪದಾರ್ಥಗಳೇ. ಅಲ್ಲಾಡುವ ಹಲ್ಲನ್ನು ಸರ್ಕಾರಿ ಆಸ್ಪತ್ರೆಯ ಹಲ್ಲಿನ ವಿಭಾಗದಲ್ಲಿ ತೋರಿಸಿ. ಪೂರ್ತಿ ಸೆಟ್ಟು ಕಟ್ಟಿಸಬೇಕಾದವರು ಹಲ್ಲಿನ ವೈದ್ಯ ಕಾಲೇಜುಗಳ ಆಸ್ಪತ್ರೆಯನ್ನೂ ವಿಚಾರಿಸಬಹುದು. ವಿದ್ಯಾರ್ಥಿಗಳು ಗುರುಗಳ ಕಣ್ಣೆದುರಿಗೆ ಮಾಡುವುದರಿಂದ ದಿನ ಹೆಚ್ಚು ಹಿಡಿಯುತ್ತದೆ, ಹಣ ಕಡಿಮೆ ಹಿಡಿಯುತ್ತದೆ. ಕೀಳಿಸಿದ ಒಸಡು ಆರಿದ ಮೇಲೆಯೇ ಅಳತೆ ತೆಗೆಯುವುದು. ಮದುವೆ ಮುಂದಿನ ವಾರ ಇದೆ, ಹಲ್ಲು ಕಟ್ಟಿಕೊಡಿ ಎಂದರೆ ಆಗುವುದಿಲ್ಲ.

ಖಾಸಗಿ ವಿಮೆ ಮಾಡಿಸುವವರಿಗೆ ಎರಡು ಮಾತು. 2024ರ ಏಪ್ರಿಲ್‌ನಿಂದ 65 ವರ್ಷ ಮೀರಿದವರಿಗೆ ಹೊಸ ಪಾಲಿಸಿ ಕೊಡಬಾರದೆಂಬ ವಯಸ್ಸಿನ ಮಿತಿ ಹೋಗಿದೆ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಆರೋಗ್ಯ ಪಾಲಿಸಿಯ ಕಂತಿನ ಮೇಲೆ ಜಿಎಸ್‌ಟಿ ಇಲ್ಲ. ಇವು ಒಳ್ಳೆಯ ಬದಲಾವಣೆಗಳು. ಆದರೆ ಏಜೆಂಟರು ಹೇಳುವ "ಎಲ್ಲವೂ ಸೇರಿದೆ" ಎಂಬುದನ್ನು ನಂಬುವ ಮೊದಲು, ಸೇರದೆ ಇರುವ ಬಾಬುಗಳ ಪುಟವನ್ನು ಮಕ್ಕಳಿಂದ ಓದಿಸಿ. ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರ ಸಾಮಾನ್ಯವಾಗಿ ಅಲ್ಲಿಯೇ ಇರುತ್ತವೆ. ಪೊರೆಯ ಶಸ್ತ್ರಚಿಕಿತ್ಸೆಗೆ ಎರಡು ವರ್ಷ ಕಾಯಬೇಕೆಂಬ ಷರತ್ತೂ ಸಾಮಾನ್ಯ.

ಸಹಕಾರಿಗಳಾದ ನಾವು ಕರ್ನಾಟಕದ ಯಶಸ್ವಿನಿಯನ್ನು ನೋಡಬೇಕು. ಸಹಕಾರ ಸಂಘಗಳ ಸದಸ್ಯರಾದ ರೈತರಿಗಾಗಿ, ಡಾ. ದೇವಿ ಶೆಟ್ಟಿಯವರ ಪ್ರೇರಣೆಯಿಂದ, ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿಸಿಕೊಂಡು 2003ರಲ್ಲಿ ಅದು ಜಾರಿಗೆ ಬಂತು. 2018ರಲ್ಲಿ ಬೇರೆ ಯೋಜನೆಯಲ್ಲಿ ವಿಲೀನವಾಯಿತು, ಸಹಕಾರಿಗಳ ಒತ್ತಾಯದ ಮೇಲೆ 2023ರ ಜನವರಿಯಿಂದ ಮತ್ತೆ ಬಂದಿದೆ. ಸದಸ್ಯರ ಪಟ್ಟಿ, ಕಂತು ವಸೂಲಿ, ಪರಿಚಯ ಚೀಟಿ ಎಲ್ಲವನ್ನೂ ಸಂಘಗಳೇ ಮಾಡಿದ್ದರಿಂದ ಖರ್ಚು ಕಡಿಮೆಯಾಯಿತು. ಆದರೆ ಅದೂ ಶಸ್ತ್ರಚಿಕಿತ್ಸೆಯ ಯೋಜನೆಯೇ. ಕನ್ನಡಕಕ್ಕೆ, ಹಲ್ಲಿನ ಸೆಟ್ಟಿಗೆ ಅಲ್ಲ.

ಆದ್ದರಿಂದ ಈ ಮೂರು ಬಾಬುಗಳಿಗೆ ವಿಮೆಗಿಂತ ಉಳಿತಾಯವೇ ಸರಿಯೆಂದು ನನ್ನ ತಿಳಿವಳಿಕೆ. ಕಬ್ಬಿನ ಬಿಲ್ಲಿನಲ್ಲಿ ಇನ್ನೊಂದು ಕಡಿತ ಎಂದೊಡನೆ ತಾವು ಮುಖ ಗಂಟಿಕ್ಕುವುದನ್ನು ನಾನು ಇಲ್ಲಿಂದಲೇ ನೋಡುತ್ತಿದ್ದೇನೆ. ಕಡಿತ ಬೇಡ. ಬಿಲ್ಲು ಕೈಗೆ ಬಂದಾಗ ತಾವೇ ಪ್ರಾಥಮಿಕ ಕೃಷಿ ಸಾಲ ಸಂಘದಲ್ಲಿ ಹಿರಿಯರ ಹೆಸರಿನಲ್ಲಿ ಒಂದು ಠೇವಣಿ ತೆರೆದು, ಒಂದು ಗಾಡಿ ಕಬ್ಬಿನ ಹಣವನ್ನು ಅದಕ್ಕೆ ಹಾಕಿ. ಎರಡು ಮೂರು ಹಂಗಾಮಿನಲ್ಲಿ ಒಂದು ಒಳ್ಳೆಯ ಕಿವಿಯ ಯಂತ್ರದ ಹಣವಾಗುತ್ತದೆ.

ವಯೋಶ್ರೀ ಪಟ್ಟಿಯನ್ನು ನಮ್ಮ ವಲಯ ಕಚೇರಿಯಲ್ಲಿ ಬರೆದುಕೊಳ್ಳುತ್ತೇವೆ. ಹಿರಿಯರ ಹೆಸರು, ವಯಸ್ಸು, ಬೇಕಾದದ್ದು ಕನ್ನಡಕವೋ ಹಲ್ಲೋ ಯಂತ್ರವೋ ಎಂಬುದು, ಆಧಾರ್ ಮತ್ತು ರೇಷನ್ ಕಾರ್ಡಿನ ನಕಲು, ಆದಾಯದ ಪತ್ರ, ಇಷ್ಟನ್ನು ತನ್ನಿ. ವಿ.ಎ.ಓ. ಅವರಿಂದ ಆದಾಯದ ಪತ್ರಕ್ಕೆ ಅರ್ಜಿ ಬರೆಯಲು ಗೊತ್ತಾಗದವರಿಗೆ ನಮ್ಮ ಕ್ಷೇತ್ರ ಸಹಾಯಕರು ಬರೆದುಕೊಡುತ್ತಾರೆ. ಹಿರಿಯರು ತಾವೇ ಬರಬೇಕೆಂದಿಲ್ಲ, ಮಗನೋ ಸೊಸೆಯೋ ಬಂದರೂ ಸಾಕು.